ಅನುದಾನದ ಕರೆ ಬಂದಾಗ ನಾನು ಮೊದಲು ನೋಡುವುದು

ನಮ್ಮದು ಸಣ್ಣ ಸಂಸ್ಥೆ, ಮಕ್ಕಳಿಗೆ ಓದು ಕಲಿಸುತ್ತೇವೆ. ಅನುದಾನಕ್ಕೆ ಅರ್ಜಿ ಬರೆಯುವ ಹೊಣೆ ನನ್ನದು. ಹೊಸ ಕರೆ, ಅಂದರೆ ಅರ್ಜಿ ಕೇಳಿ ದಾನಿಗಳು ಹೊರಡಿಸುವ ಪ್ರಕಟಣೆ, ಕಣ್ಣಿಗೆ ಬಿದ್ದರೆ ಉದ್ದೇಶದ ಪುಟದಿಂದ ನಾನು ಶುರು ಮಾಡುವುದಿಲ್ಲ. 'ಶಿಕ್ಷಣ', 'ಸಬಲೀಕರಣ' ಎಂಬ ಮಾತುಗಳು ಯಾರ ಕೆಲಸಕ್ಕಾದರೂ ಹೊಂದುತ್ತವೆ, ಅಲ್ವಾ? ನೇರವಾಗಿ ಷರತ್ತುಗಳಿಗೆ ಹೋಗುತ್ತೇನೆ. ಎಂಥ ನೋಂದಣಿ ಇರಬೇಕು, ಎಷ್ಟು ವರ್ಷದ ಆಡಿಟ್ ವರದಿ ಬೇಕು, ಯಾವುದಕ್ಕೆ ಹಣ ಕೊಡುವುದಿಲ್ಲ. ಕಡ್ಡಾಯ ಎಂದದ್ದರಲ್ಲಿ ಒಂದು ತಪ್ಪಿದರೂ ಅಲ್ಲಿಗೆ ಬಿಡುತ್ತೇನೆ.

ಆಮೇಲೆ, ಹಿಂದೆ ಯಾರಿಗೆ ಎಷ್ಟು ಕೊಟ್ಟಿದ್ದಾರೆ ಎಂದು ಹುಡುಕುತ್ತೇನೆ. ಅಮೆರಿಕದ ಖಾಸಗಿ ಪ್ರತಿಷ್ಠಾನಗಳಾದರೆ ಪ್ರತಿ ವರ್ಷ ಅಲ್ಲಿನ ತೆರಿಗೆ ಇಲಾಖೆಗೆ ಫಾರ್ಮ್ 990-ಪಿಎಫ್ ಎಂಬ ಲೆಕ್ಕಪತ್ರ ಸಲ್ಲಿಸಬೇಕು. ಕೊಟ್ಟ ಅನುದಾನಗಳ ಪಟ್ಟಿ ಅದರಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಕರೆಯಲ್ಲಿ 'ಸಣ್ಣ ಸಂಸ್ಥೆಗಳಿಗೂ ಸ್ವಾಗತ' ಎಂದಿದ್ದು, ಪಟ್ಟಿಯಲ್ಲಿ ಬರೀ ವಿಶ್ವವಿದ್ಯಾಲಯಗಳೇ ಇದ್ದರೆ ನಾನು ಪಟ್ಟಿಯನ್ನು ನಂಬುತ್ತೇನೆ. ಅನುಮಾನ ಉಳಿದರೆ ದಾನಿ ಸಂಸ್ಥೆಯವರನ್ನೇ ಕೇಳುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ಹಣದ ಲೆಕ್ಕ. ಹಣ ಮುಂಗಡ ಬರುತ್ತದೋ, ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೋ? ಬಿಲ್ಲಿನ ಮೇಲೆ ಎಂದರೆ ಅಲ್ಲಿಯವರೆಗಿನ ಸಂಬಳ ನಮ್ಮ ಕೈಯಿಂದಲೇ ಹೋಗಬೇಕು. ನಮ್ಮ ಪಾಲು ಎಷ್ಟು ಹಾಕಬೇಕು? ಕಚೇರಿ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ಕರೆಂಟು ಬಿಲ್ಲಿಗೆ ಏನಾದರೂ ಸಿಗುತ್ತದೆಯೇ? ಯೋಜನೆಯ ನೇರ ಖರ್ಚು 100 ಇದ್ದು, ಇವಕ್ಕೆಲ್ಲ ಇನ್ನೂ 20 ಬೇಕು ಅಂದುಕೊಳ್ಳಿ. ದಾನಿ 10 ಮಾತ್ರ ಒಪ್ಪಿದರೆ ಉಳಿದ 10 ಎಲ್ಲಿಂದ ಬರಬೇಕು? ಇಂಥ ಅನುದಾನ ದೊಡ್ಡದಾದಷ್ಟೂ ಕೊರತೆ ಬೆಳೆಯುತ್ತದೆ. ವರದಿಗೆ ಹಿಡಿಯುವ ಸಮಯವನ್ನೂ ಈ ಲೆಕ್ಕಕ್ಕೇ ಸೇರಿಸುತ್ತೇನೆ. ಸಣ್ಣ ಮೊತ್ತಕ್ಕೆ ಪ್ರತಿ ಮೂರು ತಿಂಗಳಿಗೊಂದು ವರದಿ ಕೇಳುವವರೂ ಇದ್ದಾರೆ.

ಇನ್ನೊಂದು ಅಭ್ಯಾಸ ಇದೆ. ಯಾರಿಗಾಗಿ, ಏನು, ಎಷ್ಟು ಕಾಲ ಎಂದು ನಮ್ಮ ಯೋಜನೆಯನ್ನು ಕರೆ ಓದುವ ಮೊದಲೇ ನಾಲ್ಕು ಸಾಲಿನಲ್ಲಿ ಬರೆದಿಟ್ಟಿರುತ್ತೇನೆ. ಅರ್ಜಿಯ ಕರಡು ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಮಾತು ಬದಲಾಗಿದ್ದರೆ ಪರವಾಗಿಲ್ಲ. ಓದು ಕಲಿಯುವ ಮಕ್ಕಳ ಜಾಗದಲ್ಲಿ ಯುವಕರ ಕಂಪ್ಯೂಟರ್ ತರಬೇತಿ ಬಂದು ಕೂತಿದ್ದರೆ ಆ ಅರ್ಜಿ ಕಳಿಸುವುದಿಲ್ಲ. "ಸಿಗುವ ಹಣ ಯಾಕೆ ಬಿಡ್ತೀರಿ?" ಎಂದು ಟ್ರಸ್ಟಿಗಳು ಕೇಳಿಯೇ ಕೇಳುತ್ತಾರೆ. ಅವರ ಮುಂದೆ ಆ ನಾಲ್ಕು ಸಾಲು ಮತ್ತು ಕೊರತೆಯ ಲೆಕ್ಕ ಎರಡನ್ನೂ ಇಡುತ್ತೇನೆ.