ಮಾವನ ಪ್ರಶ್ನೆಗೆ ಮೂರು ಟ್ಯಾಂಕ್ ಪೆಟ್ರೋಲು

"ನಿನ್ ಗಾಡಿ ಎಷ್ಟ್ ಕೊಡ್ತೈತೋ?" ಹುಬ್ಬಳ್ಳಿಗೆ ಹೋದಾಗಲೆಲ್ಲ ಮಾವ ಮೊದಲು ಕೇಳುವುದು ಇದನ್ನೇ. ಬಾಯಿಗೆ ಬಂದ ಅಂಕಿ ಹೇಳಿ ಜಾರಿಕೊಳ್ಳುತ್ತಿದ್ದೆ. ಈ ವರ್ಷ ಅಳೆದೇ ನೋಡಿದೆ.

ನನ್ನದು 1200 ಸಿಸಿಯ ಪೆಟ್ರೋಲ್ ಕಾರು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ. ಬೆಂಗಳೂರಲ್ಲಿ ನಾಝಲ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಹುಬ್ಬಳ್ಳಿ ಮುಟ್ಟಿದ ಮೇಲೆ ಮತ್ತೆ ಕಟ್ ಆಗುವವರೆಗೆ ಹಾಕಿಸುವುದು. ಓಡಿದ ಕಿಲೋಮೀಟರನ್ನು ಆ ಎರಡನೇ ಸಲದ ಲೀಟರಿನಿಂದ ಭಾಗಿಸಿದರಾಯಿತು. "ರೌಂಡ್ ಫಿಗರ್ ಮಾಡ್ಲಾ ಸಾರ್?" ಅನ್ನುವ ಬಂಕಿನ ಹುಡುಗನನ್ನು ತಡೆಯುವುದೇ ಇದರಲ್ಲಿ ಕಷ್ಟದ ಕೆಲಸ.

ಮೊದಲ ಸಲ ರಸ್ತೆ ಖಾಲಿ ಇದ್ದಲ್ಲೆಲ್ಲ 100. 405 ಕಿ.ಮೀ.ಗೆ 24.7 ಲೀಟರ್, ಅಂದರೆ ಲೀಟರಿಗೆ 16.4. ಹಿಡಿದ ಹೊತ್ತು 5 ಗಂಟೆ 50 ನಿಮಿಷ. ಮುಂದಿನ ತಿಂಗಳು 80 ದಾಟಿಸಲಿಲ್ಲ: 19.4 ಲೀಟರ್, ಲೀಟರಿಗೆ 20.9, ಹೊತ್ತು 6 ಗಂಟೆ 25 ನಿಮಿಷ. ಕಾಗದದ ಲೆಕ್ಕದಲ್ಲಿ ಒಂದು ಗಂಟೆ ಉಳಿಯಬೇಕಿತ್ತು, ಉಳಿದದ್ದು 35 ನಿಮಿಷ. ನೆಲಮಂಗಲದ ಜಾಮಿಗೂ ಬಲಗಡೆ ಬಿಡದ ಲಾರಿಗಳಿಗೂ ನನ್ನ ಅವಸರ ಗೊತ್ತೇ? ಸಾಲದ್ದಕ್ಕೆ ಮುಳ್ಳು 100 ಅಂದಾಗ ಜಿಪಿಎಸ್ 95 ಅನ್ನುತ್ತಿತ್ತು.

ಪೆಟ್ರೋಲು ಹೋದದ್ದು ಗಾಳಿಗೆ. ವೇಗ 80ರಿಂದ 100ಕ್ಕೆ ಏರಿದರೆ ಹೆಚ್ಚಿದ್ದು ಕಾಲು ಪಾಲು ಮಾತ್ರ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟು ಮೀರುತ್ತದೆ.

ಮೂರನೇ ಸಲ ಹೊರಟಾಗ ಆಷಾಢ. ಅದೇ 80, ಆದರೂ ಬಂದದ್ದು 17.8. ಟೈರಿನ ಮೇಲೆ ಅನುಮಾನಪಟ್ಟು ಗಾಳಿ ನೋಡಿಸಿದರೆ ನಾಲ್ಕರಲ್ಲೂ 33 ಸರಿಯಾಗಿತ್ತು. ಆಮೇಲೆ ನೆನಪಾಯಿತು, ಚಿತ್ರದುರ್ಗದ ಗುಡ್ಡದ ಮೇಲಿನ ಫ್ಯಾನುಗಳೆಲ್ಲ ಪಡುವಣಕ್ಕೆ ಮುಖ ಮಾಡಿ ಭರ್ರನೆ ತಿರುಗುತ್ತಿದ್ದವು. ನಾನು ಹೋಗುತ್ತಿದ್ದದ್ದೂ ಹೆಚ್ಚುಕಡಿಮೆ ಅತ್ತಲೇ. ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ ಸಾಕು, 80ರಲ್ಲಿ ಹೋದರೂ ಗಾಳಿಯ ಪಾಲಿಗೆ ಕಾರು 100ರಲ್ಲಿದ್ದಂತೆಯೇ. ಬೆಂಗಳೂರು ಹುಬ್ಬಳ್ಳಿಗಿಂತ ಸುಮಾರು 250 ಮೀಟರ್ ಎತ್ತರದಲ್ಲಿದೆ, ವಾಪಸು ಬರುವಾಗ ಇನ್ನೂ ಕಡಿಮೆ ಬರಬೇಕಿತ್ತು. ಬಂದದ್ದು 20.5! ಅದೇ ಗಾಳಿ ಈಗ ಬೆನ್ನಿಗಿತ್ತು.

ಫೋನಿನಲ್ಲಿ ಮಾವನಿಗೆ ಇಷ್ಟನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

"ಎಲ್ಲಾ ಹೇಳಿದಿ ಖರೆ. ಎಷ್ಟ್ ಕೊಡ್ತೈತಿ ಅನ್ನೂದ್ ಒಂದ್ ಹೇಳಲಿಲ್ಲ ನೋಡು."