ಗಂಡ ಹೆಂಡ್ತಿ ಸ್ವಭಾವ ಬೇರೆ ಬೇರೆ ಇದ್ರೂ ಸಂಸಾರ ಚೆನ್ನಾಗಿ ನಡ್ಸೋದು ಹೇಗೆ

ನಮ್ ಚಿಕ್ಕಬಳ್ಳಾಪುರ ಕಡೆ ಸಂಬಂಧ ನೋಡೋವಾಗ ಜಾತಕದಲ್ಲಿ 36ಕ್ಕೆ ಎಷ್ಟು ಗುಣ ಕೂಡ್ತು ಅಂತ ಕೇಳ್ತಾರೆ, ಹುಡುಗಂಗೆ ಸಿಟ್ಟು ಎಷ್ಟು ಬೇಗ ಬರತ್ತೆ, ಬಂದ್ಮೇಲೆ ಏನ್ ಮಾಡ್ತಾನೆ ಅಂತ ಯಾರೂ ವಿಚಾರ್ಸಲ್ಲ. ದಯವಿಟ್ಟು ವಿಚಾರ್ಸಿ. ಅಮೆರಿಕಾದಲ್ಲಿ 300 ಜೋಡಿಗಳನ್ನ 1935ರಿಂದ 1980ರ ತನಕ ಗಮನಿಸಿದ್ರು, ದಾಂಪತ್ಯ ಹಾಳಾದ ಕಡೆ ಎದ್ದು ಕಂಡಿದ್ದು ಇಬ್ಬರಲ್ಲೊಬ್ರಿಗೆ ಸಣ್ಣದಕ್ಕೂ ತಳಮಳ ಪಡೋ ಗುಣ, ಇನ್ನೊಂದು ಗಂಡಂಗೆ ತನ್ನ ಮೇಲೆ ಹಿಡಿತ ಇಲ್ದೇ ಇರೋದು.

ಹಂಗಂತ ಇಬ್ರೂ ಒಂದೇ ಥರ ಇರ್ಬೇಕು ಅಂತೇನಿಲ್ಲ. ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿಯ 11 ಸಾವಿರಕ್ಕೂ ಜಾಸ್ತಿ ಜೋಡಿಗಳ ಲೆಕ್ಕ 2010ರಲ್ಲಿ ಬಂತು, ಸ್ವಭಾವ ಹೋಲೋದ್ರಿಂದ ಸಿಗೋ ಲಾಭ ತೀರಾ ಕಮ್ಮಿ, ಅವರವರ ಸ್ವಂತ ಗುಣವೇ ಜಾಸ್ತಿ ಕೆಲ್ಸ ಮಾಡೋದು. ಅದಕ್ಕೇ ಮೊದ್ಲು ನಿಮ್ಮಿಂದಲೇ ಶುರು ಮಾಡಿ, ನಿಮಗೆ ಯಾವ ಹೊತ್ತಲ್ಲಿ ತಲೆ ಕೆಡತ್ತೆ ನೋಡ್ಕೊಳ್ಳಿ.

ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳ ಸಾಕೋರಿಗೆ ಇದು ಗೊತ್ತೇ ಇರತ್ತೆ. ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಒಂದು ವಾರ ಹುಳಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ, ಇಬ್ರಿಗೂ ನಿದ್ದೆ ಇರಲ್ಲ, ಆವಾಗ ಬಾಯಿಂದ ಬರೋ ಮಾತನ್ನ ಸ್ವಭಾವ ಅಂತ ತಲೇಲಿ ಇಟ್ಕೋಬೇಡಿ. ಆ ವಾರ ಸಾಲ, ತವರು, ಅತ್ತೆ ಯಾವ ವಿಷಯಾನೂ ಎತ್ಬೇಡಿ, ಗೂಡು ಮಾರ್ಕೆಟ್ಟಿಗೆ ಹೋದ್ಮೇಲೆ ಕೂತು ಮಾತಾಡಿ. ರೇಟ್ ಬಿದ್ದ ದಿನ ಗಂಡಸರು ಮನೆಗೆ ಬಂದು ಮುಖ ಊದಿಸ್ಕೊಂಡು ಕೂರೋ ಬದ್ಲು "ರೇಟ್ ಸಿಗ್ಲಿಲ್ಲ ಕಣೇ, ಸಿಟ್ಟು ನಿನ್ ಮೇಲಲ್ಲ" ಅಂತ ಒಂದ್ ಮಾತು ಹೇಳಿ, ಇಲ್ಲಾಂದ್ರೆ ಅವ್ಳು ತಾನೇನೋ ತಪ್ಪು ಮಾಡ್ದೆ ಅಂದ್ಕೊಂಡು ರಾತ್ರಿಯೆಲ್ಲಾ ಒದ್ದಾಡ್ತಾಳೆ.

ಒಬ್ರಿಗೆ ತಕ್ಷಣ ಮಾತಾಡಿ ಮುಗಿಸ್ಬೇಕು, ಇನ್ನೊಬ್ರು ಸುಮ್ನಾಗ್ಬಿಡ್ತಾರೆ, ಇದು ಸುಮಾರು ಮನೆಗಳಲ್ಲಿ ಇರೋದೇ. ಎದೆ ಡವಡವ ಅಂತಿದ್ರೆ "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿ ಎದ್ದೋಗಿ, ಆದ್ರೆ ಹೇಳಿದ ಟೈಮಿಗೆ ವಾಪಸ್ ಬರ್ಲೇಬೇಕು, ಸುಮ್ನಿರೋರು ಇದನ್ನ ತಪ್ಪಿಸ್ಲೇಬಾರ್ದು.

ಕೈ ಎತ್ತೋದನ್ನ ಮಾತ್ರ "ಅವ್ನ ಸ್ವಭಾವಾನೇ ಹಂಗೆ" ಅಂತ ಸಹಿಸ್ಕೋಬೇಡಿ ಅಕ್ಕ, ಹೆಣ್ಮಕ್ಕಳ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ತಳಮಳ, ನಿದ್ದೆಗೆಡೋದು ವಾರಗಟ್ಲೆ ಹೋಗ್ದೇ ಇದ್ರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.