ನೋವಿನ ಕತೆ ಕೇಳಿದೆ, ಮಂಗಳ ಗ್ರಹದ ಕತೆ ಬಂತು

ನಮ್ಮ ಮೊದಲ ವಿಜ್ಞಾನ ಕಥಾ ವಿಶೇಷಾಂಕಕ್ಕೆ ಬಂದ ಕತೆಗಳಲ್ಲಿ ಭೂಮಿ ಒಂಬತ್ತು ಸಲ ನಾಶವಾಗುವುದರಲ್ಲಿತ್ತು. ಒಂಬತ್ತು ಸಲವೂ ಬೆಂಗಳೂರಿನ ಒಬ್ಬ ವಿಜ್ಞಾನಿ ಅದನ್ನು ಉಳಿಸಿದ. ಅವನ ಹೆಸರು ವಿಕ್ರಮ್ ಅಥವಾ ಆದಿತ್ಯ. ಅವನಿಗೊಬ್ಬಳು ಸಹಾಯಕಿ. ಆಕೆ ಕಂಪ್ಯೂಟರ್ ಪರದೆ ನೋಡಿ ಗಾಬರಿಯಾಗುತ್ತಿದ್ದಳು, ಇಲ್ಲವೇ ಕಾಫಿ ತರುತ್ತಿದ್ದಳು.

ಪತ್ರಿಕೆ ಅಂದರೆ ದೊಡ್ಡದೇನೂ ಅಲ್ಲ. ಮೂವರು ಗೆಳೆಯರು ಸೇರಿ ವರ್ಷಕ್ಕೊಂದು ಸಂಚಿಕೆ ತರುತ್ತೇವೆ. 500 ಪ್ರತಿ. ಮೂವರಿಗೂ ಬೇರೆ ನೌಕರಿ ಇದೆ. ಆ ಮೊದಲ ಸಂಚಿಕೆ ಅಚ್ಚಾಗಿ ಬಂದ ಮೇಲೆ ಲೇಖಕರ ಪರಿಚಯದ ಪುಟ ತೆರೆದು ನೋಡಿದೆ. ಹನ್ನೊಂದು ಜನರಲ್ಲಿ ಹತ್ತು ಮಂದಿ ಗಂಡಸರು. ಎಂಟು ಮಂದಿ ಬೆಂಗಳೂರು, ಮೈಸೂರಿನವರು. ಹೆಚ್ಚುಕಮ್ಮಿ ಎಲ್ಲರೂ ಎಂಜಿನಿಯರ್‌ಗಳು. ಉಳಿದ ಒಬ್ಬ ಹೆಂಗಸು ಯಾರು ಅಂತೀರಾ? ನಾನೇ. ಸಂಪಾದಕಿಯೇ ಒಂದು ಕತೆ ಬರೆದು ತುರುಕಿದ್ದಳು.

"ಬಂದ ಕತೆಗಳಲ್ಲಿ ಒಳ್ಳೆಯದನ್ನು ಆರಿಸಿದೆವು, ಯಾರು ಬರೆದರು ಅಂತ ನೋಡಲೇ ಇಲ್ಲ" ಅಂತ ನಾನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈ ಮಾತು ಎಲ್ಲ ಭಾಷೆಯ ಸಂಪಾದಕರ ಬಾಯಲ್ಲೂ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಅಮೆರಿಕದಲ್ಲಿ ಫೈರ್‌ಸೈಡ್ ಅನ್ನುವ ಪತ್ರಿಕೆ 2016ರಲ್ಲಿ ಒಂದು ಲೆಕ್ಕ ಹಾಕಿತ್ತು. ಹಿಂದಿನ ವರ್ಷ 63 ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ವಿಜ್ಞಾನ ಕತೆ, ಫ್ಯಾಂಟಸಿ ಕತೆಗಳು ಒಟ್ಟು 2,039. ಅದರಲ್ಲಿ ಕಪ್ಪು ಜನಾಂಗದ ಲೇಖಕರು ಬರೆದದ್ದು ಬರೀ 38. ಅಲ್ಲಿನ ಸಂಪಾದಕರು ಕೆಟ್ಟವರೇನಲ್ಲ. ಅವರೂ ಬಂದದ್ದರಲ್ಲಿ ಒಳ್ಳೆಯದನ್ನೇ ಆರಿಸಿರಬೇಕು. ಆ ಲೆಕ್ಕ ಬಂದ ಮರುವರ್ಷವೇ ಕಪ್ಪು ಲೇಖಕರು ಫೈಯಾ ಅಂತ ತಮ್ಮದೇ ಪತ್ರಿಕೆ ಶುರು ಮಾಡಿದರು. ಕತೆ ಬರೆಯುವವರು ಮೊದಲಿಂದಲೂ ಇದ್ದರು ಅಂತಾಯಿತಲ್ಲ?

ಹಾಗಾದರೆ ನಮ್ಮವರು ಎಲ್ಲಿದ್ದರು? ನಮ್ಮ ಪ್ರಕಟಣೆಯನ್ನೇ ಮತ್ತೆ ಓದಿದೆ. "ವಿಜ್ಞಾನ ಕಥಾ ಸ್ಪರ್ಧೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿ. ಪ್ರವೇಶ ಶುಲ್ಕ 100 ರೂಪಾಯಿ. ಶುದ್ಧ ಕನ್ನಡಕ್ಕೆ ಆದ್ಯತೆ." ಆಹಾ! ನಾಲ್ಕೇ ವಾಕ್ಯದಲ್ಲಿ ಅರ್ಧ ಕರ್ನಾಟಕಕ್ಕೆ ಬಾಗಿಲು ಹಾಕಿದ್ದೆವು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಒಬ್ಬಳು ಆಮೇಲೆ ಸಿಕ್ಕಾಗ ಹೇಳಿದಳು: "ವಿಜ್ಞಾನ ಅಂತ ಇತ್ತಲ್ಲ ಮೇಡಂ, ನಾನು ಪಿಯುಸಿಲಿ ಆರ್ಟ್ಸ್. ನಂಗಲ್ಲ ಅಂದ್ಕೊಂಡೆ."

ಎರಡನೇ ವರ್ಷ ಆ ಪದವನ್ನೇ ಕಿತ್ತು ಹಾಕಿದೆವು. "ಆಗದೇ ಇದ್ದದ್ದು ಆದರೆ? ಅಂಥ ಒಂದು ಕತೆ ಕಳಿಸಿ" ಅಂತಷ್ಟೇ ಬರೆದೆವು. ಕೈಬರಹದ ಹಾಳೆಗಳ ಫೋಟೋ ನಡೆಯುತ್ತದೆ. ವಾಟ್ಸಾಪ್ ಧ್ವನಿ ಮೆಸೇಜು ನಡೆಯುತ್ತದೆ. ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲೂ ನಡೆಯುತ್ತದೆ. ಮೊದಲ ವರ್ಷ ಅಂಥ ಫೈಲು ತೆರೆದಾಗ ಬರೀ ಗೀಟು, ಚುಕ್ಕೆ, ಇಂಗ್ಲಿಷ್ ಅಕ್ಷರ ಕಾಣಿಸಿದ್ದಕ್ಕೆ ಮುಚ್ಚಿ ಪಕ್ಕಕ್ಕಿಟ್ಟಿದ್ದೆ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಕ್ಕೆ ಹಾಕಿದ್ದರೆ ಎರಡು ನಿಮಿಷದ ಕೆಲಸ. ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೈಪ್ ಮಾಡಿಸಿದವರ ಕತೆಗಳು ಅವು. ಈಗಲೂ ನೆನೆಸಿಕೊಂಡರೆ ಕಸಿವಿಸಿಯಾಗುತ್ತದೆ.

ಪ್ರವೇಶ ಶುಲ್ಕ ತೆಗೆದೆವು. ಬದಲಿಗೆ ಪ್ರಕಟವಾದ ಕತೆಗೆ 2,000 ರೂಪಾಯಿ ಕೊಡುವುದು ಅಂತಾಯಿತು. ಬಣ್ಣದ ಮುಖಪುಟ ಬಿಟ್ಟೆವು, ಬಿಡುಗಡೆ ಸಮಾರಂಭ ಬಿಟ್ಟೆವು. ಶಾಲು, ಹಾರ, ಹಣ್ಣಿನ ಬುಟ್ಟಿಯ ದುಡ್ಡು ಕತೆಗಾರರಿಗೆ ಹೋಯಿತು. ಇದಕ್ಕಿಂತ ಜಾಸ್ತಿ ಹೇಳುವಂಥದ್ದು ಹಣದ ವಿಷಯದಲ್ಲಿಲ್ಲ.

ಆದರೆ ಪ್ರಕಟಣೆ ಬದಲಾಯಿಸಿದ ಮಾತ್ರಕ್ಕೆ ಕತೆಗಳು ಬರಲಿಲ್ಲ. ಅದು ತಲುಪುವುದು ಮತ್ತೆ ಅದೇ ಗುಂಪುಗಳಿಗೆ ತಾನೇ? ಹೋಗಬೇಕಾಯಿತು. ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರ ಜೊತೆ ಒಂದು ಮಧ್ಯಾಹ್ನ ಕೂತೆ. ಬೇಗಂ ರೊಕೆಯಾ 1905ರಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ಕತೆಯನ್ನು ಬಾಯಲ್ಲೇ ಹೇಳಿದೆ. ಬಂಗಾಳದ ಮುಸ್ಲಿಂ ಹೆಣ್ಣುಮಗಳು ಬರೆದ ಆ ಇಂಗ್ಲಿಷ್ ಕತೆ ಮೊದಲು ಅಚ್ಚಾದದ್ದು ಮದ್ರಾಸಿನ ಮಹಿಳಾ ಪತ್ರಿಕೆಯಲ್ಲಿ. ಅದರಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಹೆಂಗಸರೇ ಸೂರ್ಯನ ಶಾಖ ಹಿಡಿದು ಬಳಸುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ.

"ಅಡಗಿ ಯಾರು ಮಾಡ್ತಾರ್ರೀ ಅಲ್ಲಿ?" ಅಂದರು ಒಬ್ಬರು.

"ಗಂಡಸರೇ."

"ಹಂಗಾರ ದಿನಾ ಉಪ್ಪು ಜಾಸ್ತಿ ಆಗಿರತೈತಿ ಬಿಡ್ರಿ."

ಆ ನಗು ಮುಗಿಯುವಷ್ಟರಲ್ಲಿ ಕತೆಗಳು ಶುರುವಾದವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡ ಊರುಗಳವು. ಬಾಗಲಕೋಟೆ ಪಟ್ಟಣವೇ ಅರ್ಧ ನೀರು ಪಾಲಾಗಿ ಪಕ್ಕದಲ್ಲಿ ನವನಗರ ಎದ್ದಿದೆ. ಮುಳುಗಿದ ಮನೆ ಕನಸಲ್ಲಿ ಬರುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಬ್ಬಾಕೆ ಅದನ್ನೇ ಕತೆ ಮಾಡಿದರು. ಆ ಮನೆ ನೀರಿನೊಳಗೇ ಬೆಳೆಯುತ್ತಾ ಹೋಗುತ್ತದೆ. ಹೊಸ ಕೋಣೆ, ಹೊಸ ಕಟ್ಟೆ, ಹೊಸ ತೊಟ್ಟಿಲು. ಹುಟ್ಟಬೇಕಾಗಿದ್ದ ಮಕ್ಕಳೆಲ್ಲ ಅಲ್ಲಿ ಹುಟ್ಟುತ್ತಾರೆ. ಹದಿನಾಲ್ಕು ಧ್ವನಿ ಮೆಸೇಜುಗಳಲ್ಲಿ ಕತೆ ಬಂತು. ಹಿಂದೆ ಕೋಳಿ ಕೂಗು, ಒಂದರಲ್ಲಿ ಯಾರೋ ನೀರು ಬಂತು ಅಂತ ಕರೆದದ್ದು.

ಬರೆದುಕೊಳ್ಳುವ ಕೆಲಸ ನನ್ನದು. ತಿದ್ದುವ ಕೆಲಸ ನಮ್ಮ ಮೇಷ್ಟ್ರದ್ದು. ಅವರು ನಿವೃತ್ತ ಕನ್ನಡ ಅಧ್ಯಾಪಕರು, ಕರಡು ತಿದ್ದುವುದರಲ್ಲಿ ಎತ್ತಿದ ಕೈ. ಆಕೆ ಹೇಳಿದ್ದು: "ನೀರಾಗ ನಮ್ಮ ಮನಿ ಇನ್ನೂ ಉಸಿರಾಡಾಕತ್ತೈತಿ." ಮೇಷ್ಟ್ರು ತಿದ್ದಿದ್ದು: "ನೀರಿನಲ್ಲಿ ನಮ್ಮ ಮನೆ ಇನ್ನೂ ಉಸಿರಾಡುತ್ತಿದೆ." ತಪ್ಪೇನಿಲ್ಲ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ನಮ್ಮದೊಂದು ಪದ್ಧತಿ ಮಾಡಿಕೊಂಡಿದ್ದೆವು. ಧ್ವನಿಯಲ್ಲಿ ಬಂದ ಕತೆಯನ್ನು ಅಚ್ಚಿಗೆ ಕಳಿಸುವ ಮುಂಚೆ ಹೇಳಿದವರಿಗೇ ಫೋನಿನಲ್ಲಿ ಓದಿ ಹೇಳಬೇಕು. ಓದಿದೆ. ಆಕೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಚಲೋ ಐತಿ ಅಕ್ಕಾರ. ಆದ್ರ ಇದನ್ನ ಟಿವಿ ನ್ಯೂಸ್‌ನವರು ಹೇಳಿದಂಗೈತಿ. ನಮ್ಮವ್ವ ಹೇಳಿದಂಗಿಲ್ಲ."

ಮೇಷ್ಟ್ರಿಗೂ ನನಗೂ ಒಂದು ವಾರ ಜಗಳ. ಮಾತುಕತೆಯಲ್ಲಿ ಆಡುಮಾತು ಇರಲಿ, ನಿರೂಪಣೆ ಗ್ರಂಥಸ್ಥ ಇರಲಿ ಅನ್ನುವುದು ಅವರ ವಾದ. ಹಾಗೆ ಮಾಡಿದರೆ ಪಾತ್ರ ಊರಿನದು, ಕತೆ ಹೇಳುವ ಅಧಿಕಾರ ಮಾತ್ರ ನಮ್ಮದು ಅಂತಾಗುತ್ತದೆ ಅನ್ನುವುದು ನನ್ನದು. ಕೊನೆಗೆ ಆಕೆಯ ಮಾತಿನಂತೆಯೇ ಹಾಕಿದೆವು. ಅಡಿಟಿಪ್ಪಣಿಯಲ್ಲಿ ಅರ್ಥ ಕೊಡಬೇಕಾ ಅನ್ನುವ ಪ್ರಶ್ನೆಯೂ ಬಂತು. ಮೈಸೂರು ಕಡೆಯವರ ಮಾತಿಗೆ ಯಾರೂ ಟಿಪ್ಪಣಿ ಕೊಡುವುದಿಲ್ಲವಲ್ಲ, ಹಾಗಾಗಿ ಬಿಟ್ಟೆವು. ಒಬ್ಬ ಓದುಗರು ಅರ್ಥವಾಗಲಿಲ್ಲ ಅಂತ ಚಂದಾ ನಿಲ್ಲಿಸಿದರು. ನಿಲ್ಲಿಸಲಿ.

ಇನ್ನು ಹೆಸರು ಮುಚ್ಚಿ ಓದುವ ವಿಷಯ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರ ಪ್ರಸಂಗ ಹಲವರಿಗೆ ಗೊತ್ತಿರಬಹುದು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಅವರು ತಮ್ಮ ಇನಿಷಿಯಲ್‌ಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ್ ಅನ್ನುವ ಹೆಸರಲ್ಲಿ ಕತೆ ಕಳಿಸಿದರು. ಕೈಬರಹ ಗುರುತು ಸಿಗದಿರಲಿ ಅಂತ ಹೆಂಡತಿಯಿಂದ ನಕಲು ಮಾಡಿಸಿದರು. ಬಹುಮಾನ ಬಂತು. ದೊಡ್ಡ ಹೆಸರು ತೀರ್ಪಿಗೆ ಅಡ್ಡ ಬರಬಾರದು ಅಂತ ಅಷ್ಟು ದೊಡ್ಡ ವಿಜ್ಞಾನಿಗೇ ಅನ್ನಿಸಿತ್ತು. ನಾವೂ ಹೆಸರು, ಊರು ಅಳಿಸಿ ಓದತೊಡಗಿದೆವು. ದೊಡ್ಡ ಹೆಸರಿನ ಸಲಿಗೆ ನಿಂತಿತು, ಅಷ್ಟು ನಿಜ. ಆದರೆ ಹೆಸರಿಲ್ಲದವರಿಗೆ ಅದರಿಂದ ಜಾಸ್ತಿ ಉಪಯೋಗವಾಗಲಿಲ್ಲ. ಓದುವ ಮೂವರೂ ಒಂದೇ ಥರದವರಾದರೆ ಹೆಸರು ಮುಚ್ಚಿ ಏನು ಬಂತು?

ಕೋಲಾರ ಚಿನ್ನದ ಗಣಿಯ ಊರಿಂದ ಬಂದ ಕತೆ ಇದಕ್ಕೆ ಸಾಕ್ಷಿ. ಬರೆದ ಹುಡುಗನಿಗೆ ಮನೆಮಾತು ತಮಿಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಇದು ಆಮೇಲೆ ಗೊತ್ತಾಗಿದ್ದು. ಮೊದಲ ಪುಟದಲ್ಲೇ ಇಪ್ಪತ್ತು ಕಾಗುಣಿತ ತಪ್ಪು. ನಮ್ಮಲ್ಲಿ ಇಬ್ಬರು ಎರಡನೇ ಪುಟಕ್ಕೆ ಹೋಗಲೇ ಇಲ್ಲ. ಮೂರನೆಯವಳು, ಆ ವರ್ಷ ಹೊಸದಾಗಿ ಓದಲು ಸೇರಿದ ಕಾಲೇಜು ಹುಡುಗಿ, ಕೊನೇವರೆಗೆ ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಅಕ್ಕಾ, ಇದನ್ನ ಬಿಡಬೇಡಿ."

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಅದರ ಆಳದಲ್ಲೇ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿ ಭೂಮಿಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೋ ಅನ್ನುವ ಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದ್ದರು. ಈ ಹುಡುಗನ ಕತೆಯಲ್ಲಿ ಗಣಿ ಮುಚ್ಚಿದ ಮೇಲೂ ಕಣಗಳು ಬರುತ್ತಲೇ ಇರುತ್ತವೆ. ಪ್ರತಿ ಕಣವೂ ಒಳಗೆ ಸತ್ತ ಒಬ್ಬ ಕೆಲಸಗಾರನ ಕೊನೆಯ ಮಾತನ್ನು ಹೊತ್ತು ಭೂಮಿಯ ಆ ಕಡೆ ಹೊರಬೀಳುತ್ತದೆ. ಅಲ್ಲಿ ಯಾವುದೋ ದೇಶದ ಮಗು ನಿದ್ದೆಯಲ್ಲಿ ತಮಿಳು, ತೆಲುಗು, ಕನ್ನಡ ಕಲೆಸಿ ಮಾತಾಡುತ್ತದೆ. ನಾನು ಭೌತಶಾಸ್ತ್ರ ಓದಿದವಳು. ಕೆಜಿಎಫ್ ನ್ಯೂಟ್ರಿನೋ ಬಗ್ಗೆ ಪಾಠವನ್ನೂ ಕೇಳಿದ್ದೆ. ಇಂಥದ್ದೊಂದು ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಆವತ್ತಿಂದ ಒಂದು ನಿಯಮ: ಮೊದಲ ಓದಿನಲ್ಲಿ ಕಾಗುಣಿತ ನೋಡಬಾರದು. ಮೂವರಲ್ಲಿ ಒಬ್ಬರಾದರೂ ಪ್ರತಿ ವರ್ಷ ಹೊಸಬರು, ಬೆಂಗಳೂರಿನ ಹೊರಗಿನವರು.

ಎಲ್ಲ ಸಲವೂ ಹೀಗೆ ಸುಖಾಂತ್ಯವಾಗಲಿಲ್ಲ. ತುಳುನಾಡಿನ ದೈವದ ಕತೆಗಳು ರಾಶಿ ಬಂದವು. ಹೆಚ್ಚಿನವು ಆ ಕಡೆ ಕಾಲಿಟ್ಟಿಲ್ಲದವರು ಬರೆದದ್ದು. ದೈವ ಬಂದು ಕೆಟ್ಟವರನ್ನು ಬಡಿಯುವುದು, ಬೆಂಕಿ, ಕಿರುಚಾಟ. ಒಂದು ಮಾತ್ರ ಬೇರೆ. ದೈವ ಕಟ್ಟುವ ಸಮುದಾಯದವರೇ ಬರೆದದ್ದು. ತುಂಬ ತಣ್ಣಗಿನ ಕತೆ. ಖುಷಿಯಿಂದ ಆರಿಸಿ, ಪುಟದ ಮೇಲೆ 'ಫ್ಯಾಂಟಸಿ' ಅಂತ ಪಟ್ಟಿ ಹಾಕಿ ಕರಡು ಕಳಿಸಿದೆ. ಉತ್ತರ ಬಂತು: "ದೈವ ನಮ್ಮ ಮನೆಯಲ್ಲಿ ಇರುವುದು ಮೇಡಂ. ಅದು ನಮಗೆ ಕಲ್ಪನೆ ಅಲ್ಲ. ಕತೆ ವಾಪಸ್ ಕೊಡಿ." ಕ್ಷಮೆ ಕೇಳಿದೆ, ಪಟ್ಟಿ ತೆಗೆಯುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಆ ಸಂಚಿಕೆಯಲ್ಲಿ ಎಲ್ಲ ಕತೆಗಳ ಮೇಲಿನ ಪಟ್ಟಿಯನ್ನೂ ಕಿತ್ತೆವು. ಅವರ ಕತೆ ಮಾತ್ರ ಇಲ್ಲ.

ನಾನು ಮಾಡಿದ ದೊಡ್ಡ ಎಡವಟ್ಟು ಇನ್ನೊಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ಧಿ ಸಮುದಾಯದವರಿದ್ದಾರೆ. ನೂರಾರು ವರ್ಷ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು. ಆ ಕಡೆಯ ಒಬ್ಬ ವಿದ್ಯಾರ್ಥಿಯ ನಂಬರ್ ಸಿಕ್ಕಿತು. ಫೋನ್ ಮಾಡಿ ಉತ್ಸಾಹದಿಂದ ಹೇಳಿದೆ: "ನಿಮ್ಮ ಸಮುದಾಯದ ಕತೆ ಬರೀರಿ. ಕಾಡು, ಡಮಾಮಿ ಕುಣಿತ, ನಿಮ್ಮ ನೋವು, ಅನುಭವ, ಏನಾದರೂ." ಆತ ಆಯ್ತು ಅಂದ. ಎರಡು ತಿಂಗಳಾದ ಮೇಲೆ ಕತೆ ಬಂತು. ಮಂಗಳ ಗ್ರಹದಲ್ಲೊಂದು ಬಸ್ ಸ್ಟ್ಯಾಂಡ್. ಕೊನೇ ಬಸ್ ತಪ್ಪಿಸಿಕೊಂಡ ಇಬ್ಬರು, ಮುಂದಿನ ಬಸ್ಸಿಗೆ ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಅವರು ಅಲ್ಲೇ ಒಂದು ಚಹಾ ಅಂಗಡಿ ಇಡುತ್ತಾರೆ. ಮಜವಾದ ಕತೆ. ಆದರೆ ನಾನು ಏನು ಬರೆದೆ ಗೊತ್ತಾ? "ಚೆನ್ನಾಗಿದೆ, ಆದರೆ ಇದರಲ್ಲಿ ನೀವು ಕಾಣಿಸುತ್ತಿಲ್ಲ."

ಆತ ಜಗಳ ಮಾಡಲಿಲ್ಲ. "ಊರಲ್ಲಿ ಯಾವ ಕಾರ್ಯಕ್ರಮ ಆದ್ರೂ ನಮ್ಮನ್ನ ಕುಣೀರಿ ಅಂತಾರೆ ಮೇಡಂ. ಕತೆಯಲ್ಲೂ ಕುಣೀಬೇಕಾ?" ಅಂತ ಒಂದೇ ಸಾಲು ಕಳಿಸಿದ.

ಎರಡು ದಿನ ಫೋನ್ ಮುಟ್ಟಲು ನಾಚಿಕೆಯಾಯಿತು. ವಿಕ್ರಮ್, ಆದಿತ್ಯರ ಕತೆ ಬರೆದವರಿಗೆ ಯಾರಾದರೂ "ಇದರಲ್ಲಿ ನಿಮ್ಮ ಜಾತಿ ಕಾಣಿಸುತ್ತಿಲ್ಲ" ಅಂದಿದ್ದೆವಾ? ಅವರಿಗೆ ಇಡೀ ಬ್ರಹ್ಮಾಂಡ ಬಿಟ್ಟುಕೊಟ್ಟಿದ್ದೆವು. ಉಳಿದವರಿಗೆ ಅವರವರ ನೋವು ಮಾತ್ರ. ದಲಿತ ಹುಡುಗ ಹಸಿವಿನ ಬಗ್ಗೆ ಬರೆಯಬೇಕು, ಮುಸ್ಲಿಂ ಹುಡುಗಿ ಬುರ್ಖಾ ಬಗ್ಗೆ ಬರೆಯಬೇಕು, ಬೇರೆಯದು ಬರೆದರೆ ಅದು ಅವರದ್ದಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾವೆಲ್ಲ ಕುಣಿದಾಡಿದೆವು. ಮರುವಾರವೇ ನಮ್ಮಲ್ಲೊಬ್ಬರು "ಅಂಥದ್ದೇ ಕತೆ ಬರೆಯುವ ಹುಡುಗಿಯರು ಯಾರಾದರೂ ಇದ್ದಾರಾ?" ಅಂತ ಕೇಳಿದರು. ಇದ್ದಾರೆ. ಒಬ್ಬಳು ಡ್ರ್ಯಾಗನ್ ಬಗ್ಗೆ ಬರೆಯುತ್ತಿದ್ದಾಳೆ. ಅದು ಚೆನ್ನಾಗಿದೆಯೋ ಇಲ್ಲವೋ, ಡ್ರ್ಯಾಗನ್ ಕತೆಯಾಗಿಯೇ ನೋಡಬೇಕು.

ಮಂಗಳ ಗ್ರಹದ ಬಸ್ ಸ್ಟ್ಯಾಂಡ್ ಎರಡನೇ ಸಂಚಿಕೆಯ ಮೊದಲ ಕತೆಯಾಯಿತು. ಪರಿಚಯದಲ್ಲಿ ಏನು ಹಾಕಲಿ ಅಂತ ಆತನನ್ನೇ ಕೇಳಿದೆ. "ಬೈಕ್ ರಿಪೇರಿ ಬರುತ್ತದೆ" ಅಂತ ಹಾಕಿ ಅಂದ. ಹಾಕಿದೆವು. ಈಗ ಎಲ್ಲರ ಪರಿಚಯವನ್ನೂ ಅವರವರೇ ಬರೆದುಕೊಡುತ್ತಾರೆ. ಒಬ್ಬಾಕೆಗೆ ತಾನು ಬರೆಯುವುದು ಮನೆಯಲ್ಲಿ ಗೊತ್ತಾಗಬಾರದು. ಅವರ ಪರಿಚಯ ಖಾಲಿ, ಹೆಸರೂ ಬೇರೆ, ದುಡ್ಡು ಹೋಗುವುದು ಮಗಳ ಫೋನ್‌ಪೇಗೆ.

ಮೂರನೇ ಸಂಚಿಕೆಯ ಕೆಲಸ ನಡೆಯುತ್ತಿದೆ. ಕತೆ ಕಳಿಸುವ ಕೊನೇ ದಿನ ಮೊದಲೆಲ್ಲ ಜನವರಿಯಲ್ಲಿತ್ತು. ಅದು ಹತ್ತಿ ಬಿಡಿಸುವ, ಜೋಳದ ಹೊಲ ಕಾಯುವ ಹೊತ್ತು ಅಂತ ರಾಯಚೂರಿನ ಕಡೆಯ ಒಬ್ಬರು ಹೇಳಿದ ಮೇಲೆ ಮೇ ತಿಂಗಳಿಗೆ ಹಾಕಿದೆವು. ಅವರದೇ ಕತೆ ಮೊನ್ನೆ ಅಂಚೆಯಲ್ಲಿ ಬಂತು. 96 ಪುಟದ ನೋಟ್‌ಬುಕ್ಕಿನ ಹಿಂದಿನ ಅರ್ಧ. ಮುಂದಿನ ಅರ್ಧದಲ್ಲಿ ಮಗನ ಗಣಿತದ ಹೋಂವರ್ಕ್. ಏಳನೇ ಪುಟದ ಮೇಲೆ ನೀರು ಬಿದ್ದು ಮೂರು ಸಾಲು ಹೋಗಿವೆ. ಕತೆಯಲ್ಲಿ ಬಾವಿಯೊಳಗಿನ ಚಂದ್ರ ಏನೋ ಹೇಳುವ ಜಾಗ ಅದು. ಏನು ಹೇಳಿತು ಅಂತ ಕೇಳಬೇಕು. ರಾತ್ರಿ ಎಂಟೂವರೆ ಮೇಲೆ ಮಾಡಿ, ಅಡುಗೆ ಮುಗಿದಿರುತ್ತೆ ಅಂದಿದ್ದಾರೆ.